ಬ್ರಿಟನ್ನಿನ ಮಾತುಕತೆಯಲ್ಲಿ ನನ್ನ ಮಗಳ ಸಹಿ

ನನ್ನ ಮಗಳು ಬರೆದ ನಕ್ಷೆಗೆ ಬೇರೆಯವರು ಸಹಿ ಹಾಕುತ್ತಿದ್ದರು. ಅದು ನನಗೆ ಗೊತ್ತಾಗಿದ್ದು ಅಮೆರಿಕದ ಷಾರ್ಲಟ್ ನಗರದಲ್ಲಿ, ಬ್ಯಾಲಂಟೈನ್ ಎಂಬ ಬಡಾವಣೆಯ ಅವಳ ಮನೆಗೆ ಹೋಗಿ ಕುಳಿತ ಮೇಲೆ. ಊರಲ್ಲಿದ್ದಾಗ, ನನ್ನ ಮಗಳು ಆರ್ಕಿಟೆಕ್ಟ್, ಮೊದಲು ಇಂಗ್ಲೆಂಡಿನಲ್ಲಿ ಕಟ್ಟಿಸಿದಳು, ಈಗ ಅಮೆರಿಕದಲ್ಲಿ ಕಟ್ಟಿಸುತ್ತಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅಲ್ಲಿ ಹೋಗಿ ನೋಡಿದರೆ ಅವಳು ತನ್ನನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವ ಹಾಗೂ ಇರಲಿಲ್ಲ. ಕರೆದುಕೊಂಡರೆ ಆ ರಾಜ್ಯದ ಕಾನೂನು ಮುರಿದಂತೆ.

2020ರ ಶುರುವಿನಲ್ಲಿ ಹೋದೆ. ಕೊರೋನಾ ಬಂತು, ವಿಮಾನಗಳು ನಿಂತವು, ನಾನು ಅಲ್ಲೇ ಸಿಕ್ಕಿಕೊಂಡೆ. ಊಟದ ಮೇಜಿನ ಒಂದು ತುದಿಗೆ ಮಗಳು ಕಂಪ್ಯೂಟರ್ ಇಟ್ಟುಕೊಂಡು ಕೂರುವಳು, ಇನ್ನೊಂದು ತುದಿಗೆ ಅಳಿಯ. ಅಳಿಯ ಮೈಸೂರಿನವನು, ಬ್ಯಾಂಕಿನ ಕೆಲಸ. ಲಂಡನ್ನಿನ ಆಫೀಸಿನಿಂದ ಷಾರ್ಲಟ್ಟಿಗೆ ಅವನನ್ನು ವರ್ಗ ಮಾಡಿದ್ದಕ್ಕೇ ಇಬ್ಬರೂ ಆ ದೇಶ ಬಿಟ್ಟು ಈ ದೇಶಕ್ಕೆ ಬಂದಿದ್ದು. ನಡುವೆ ನಾನು ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆ. ಒಂದು ದಿನ ಮಗಳ ಕಂಪ್ಯೂಟರಿನಲ್ಲಿ ಅವಳ ನಕ್ಷೆಯ ಮೂಲೆಗೆ ದುಂಡನೆಯ ಮುದ್ರೆ ಬಿದ್ದಿದ್ದು ಕಂಡೆ. ಯಾರದು ಎಂದು ಕೇಳಿದೆ. ಆಫೀಸಿನ ಯಜಮಾನರದು ಎಂದಳು.

"ಬರದಾಕಿ ನೀನು. ಅಂವ ಯಾಕ ಸಹಿ ಹಾಕ್ತಾನ?"

"ಲೈಸೆನ್ಸ್ ಅವರದೈತಿ ಯವ್ವಾ. ನಂದು ಇಂಗ್ಲೆಂಡಿಂದು. ಇಲ್ಲಿ ನಡಿಯೂದಿಲ್ಲ."

ಆಮೇಲೆ ಪೂರ್ತಿ ಹೇಳಿದಳು. ಅವಳು ಮೊದಲು ಓದಿದ್ದು ದಾವಣಗೆರೆಯಲ್ಲಿ. ಇಂಗ್ಲೆಂಡಿಗೆ ಹೋದಾಗ ಅಲ್ಲಿಯವರು ಆ ಪದವಿ ನಮಗೆ ಸಾಲದು ಎಂದರು. ಮತ್ತೆ ಪರೀಕ್ಷೆ ಬರೆದು, ಮತ್ತೆ ದುಡಿದು, ಅಲ್ಲಿಯ ಆರ್ಕಿಟೆಕ್ಟ್ ಆದಳು. ಈಗ ಷಾರ್ಲಟ್ ಇರುವ ಕೆರೊಲಿನಾ ರಾಜ್ಯದವರು ಇಂಗ್ಲೆಂಡಿನದೂ ಸಾಲದು ಎನ್ನುತ್ತಿದ್ದರು. ಯಜಮಾನರು ಅದೇ ನೆಲದ ಮುದುಕರು, ಒಳ್ಳೆಯವರು. ನಾನು ಸಾಕು ಎಂದು ಕೂತ ದಿನ ಈ ಆಫೀಸು ನೀನು ನಡೆಸು ಎಂದು ಅವಳಿಗೆ ಹೇಳಿದ್ದರು. ಆದರೆ ಸಹಿ ಹಾಕುವ ಹಕ್ಕಿಲ್ಲದವಳು ಆಫೀಸು ನಡೆಸುವುದು ಹೇಗೆ? ಅವರಿಗೆ ವಯಸ್ಸು ಏರುತ್ತಿತ್ತು. ಇವಳಿಗೂ ಏರುತ್ತಿತ್ತು.

ದಾರಿ ಎರಡಿದ್ದವು. ಒಂದು, ಅಮೆರಿಕದ ಪರೀಕ್ಷೆಗಳನ್ನು ಸಾಲಾಗಿ ಬರೆಯುವುದು. ಆಫೀಸಿನ ಕೆಲಸ ಮಾಡಿಕೊಂಡು ಬರೆಯಲು ವರ್ಷಗಳೇ ಬೇಕು. ಇನ್ನೊಂದು, ಬ್ರಿಟನ್ನಿನವರೂ ಅಮೆರಿಕದವರೂ ನಿಮ್ಮ ಲೈಸೆನ್ಸು ನಮಗೆ ನಡೆಯುತ್ತದೆ, ನಮ್ಮದು ನಿಮಗೆ ನಡೆಯಲಿ ಎಂದು ಒಪ್ಪಂದ ಮಾಡಿಕೊಳ್ಳುವ ತನಕ ಕಾಯುವುದು. ಬ್ರಿಟನ್ನಿನವರು ಯುರೋಪಿನ ಕೂಟ ಬಿಟ್ಟು ಹೊರಗೆ ಬಂದಿದ್ದರಲ್ಲ, ಹೊಸ ನೆಂಟಸ್ತಿಕೆ ಹುಡುಕಿಕೊಂಡು ಎಲ್ಲ ದೇಶದವರ ಜೊತೆ ಮಾತಿಗೆ ಕೂತಿದ್ದರು. ಅದರಲ್ಲಿ ಇದೂ ಒಂದು ಸಣ್ಣ ಮಾತು. ಅಳಿಯ ಪರೀಕ್ಷೆ ಬರೆ ಎನ್ನುತ್ತಿದ್ದ. ಮಗಳು ಕಾಯುತ್ತೇನೆ ಎನ್ನುತ್ತಿದ್ದಳು. ಎರಡು ದೇಶದಲ್ಲಿ ಎರಡು ಸಲ ನನ್ನನ್ನು ತೂಗಿ ನೋಡಿದ್ದಾರೆ, ಮೂರನೆಯ ಸಲ ತಕ್ಕಡಿ ಹತ್ತುವುದಿಲ್ಲ ಎಂಬುದು ಅವಳ ಹಟ.

ಹಾಗಾಗಿ ಆ ಮನೆಯಲ್ಲಿ ಬ್ರಿಟನ್ನಿನ ಸುದ್ದಿ ಹಾಕದ ದಿನವಿರಲಿಲ್ಲ. ಬೇರೆಯವರ ಮನೆಯಲ್ಲಿ ಅಮೆರಿಕದ ಚುನಾವಣೆ ನೋಡುತ್ತಿದ್ದರೆ ನಮ್ಮಲ್ಲಿ ಬ್ರಿಟನ್ನು. ಆ ವರ್ಷದ ಕೊನೆಗೆ ಯುರೋಪಿನವರ ಜೊತೆಗಿನ ಮಾತುಕತೆ ಎಳೆದಾಡುತ್ತಿತ್ತು. ಅಳಿಯ ನನಗೆ ಬಿಡಿಸಿ ಹೇಳುತ್ತಿದ್ದ. ಜಗಳ ನಿಂತಿದ್ದು ಮೀನಿನ ಮೇಲೆ. ನಮ್ಮ ಸಮುದ್ರದ ಮೀನು ನಮ್ಮದು ಎಂದು ಬ್ರಿಟನ್ನಿನವರು, ಮೊದಲಿಂದ ಹಿಡಿಯುತ್ತಿದ್ದೇವೆ ಬಿಡುವುದಿಲ್ಲ ಎಂದು ಆಚೆಯವರು. ಮೀನಿನಿಂದ ಬರುವುದು ಬಹಳ ಕಡಿಮೆಯಂತೆ. ಬ್ಯಾಂಕಿನಿಂದ ಬರುವುದೇ ಹೆಚ್ಚಂತೆ. "ಮೀನಿಗೋಸ್ಕರ ಬ್ಯಾಂಕನ್ನೇ ಮರೆತು ಕೂತಿದ್ದಾರೆ ಅತ್ತೆ," ಎಂದು ಅಳಿಯ ಸಿಟ್ಟಾಗುತ್ತಿದ್ದ. ನನಗೇನೂ ಆಶ್ಚರ್ಯವಾಗಲಿಲ್ಲ. ಮೀನು ಕಣ್ಣಿಗೆ ಕಾಣುತ್ತದೆ. ಬ್ಯಾಂಕಿನೊಳಗೆ ಏನು ನಡೆಯುತ್ತದೆ ಎಂದು ಯಾರಿಗೆ ಕಾಣುತ್ತದೆ? ಬಿಟ್ಟುಕೊಟ್ಟರೆ ಜನ ಉಗಿಯುವುದು ಕಾಣುವುದಕ್ಕೇ.

ವ್ಯಾಪಾರದ ಮಾತು ನನಗೆ ಹೊಸದಲ್ಲ. ನನ್ನ ಗಂಡ ದನದ ಸಂತೆಯಲ್ಲಿ ದಲ್ಲಾಳಿ. ಅವರಿಗೆ ಲಕ್ವ ಹೊಡೆದು ಒಂದು ಕಡೆ ಕೈಕಾಲು ಬಿದ್ದ ಮೇಲೆ ಆ ಕೆಲಸ ನಾನೇ ಮಾಡಿದೆ, ಮಗಳ ಓದು ಮುಗಿಯುವ ತನಕ. ಸಂತೆಯಲ್ಲಿ ಮಾತು ಮುರಿದು ಎದ್ದು ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಬಾಯಿ ನೋಡಬಾರದು, ಹಗ್ಗ ನೋಡಬೇಕು. ನಿಜವಾಗಿ ಹೊರಟವನು ಗೂಟದಿಂದ ಎತ್ತು ಬಿಚ್ಚುತ್ತಾನೆ. ಚಹಾದಂಗಡಿ ಕಡೆ ಕೈಬೀಸಿಕೊಂಡು ಹೋದವನು ತಿರುಗಿ ಬರುವವನೇ. ಬ್ರಿಟನ್ನಿನ ಪ್ರಧಾನಿ ಒಪ್ಪಂದವಿಲ್ಲದೆ ಹೋಗುತ್ತೇವೆ ಎಂದಾಗ ಅಳಿಯನಿಗೆ ಕೇಳಿದೆ, ಅವರು ಹಗ್ಗ ಬಿಚ್ಚಿದರೇನು ಎಂದು. ಅವನು ನಕ್ಕ. ಬಂದರಿನ ಹತ್ತಿರ ಸರಕಿನ ಲಾರಿಗಳು ಆಚೆ ದಾಟಲು ಸಾಲುಗಟ್ಟಿ ನಿಂತಿದ್ದನ್ನು ಟಿವಿಯಲ್ಲಿ ತೋರಿಸಿದ. ಹಗ್ಗ ಇನ್ನೂ ಗೂಟದಲ್ಲೇ ಇತ್ತು. ಕ್ರಿಸ್ಮಸ್ಸಿನ ಹಿಂದಿನ ದಿನ ಒಪ್ಪಂದ ಆಯಿತು. ಮೀನಿನ ವಿಷಯದಲ್ಲಿ ಇಷ್ಟು ವರ್ಷ ಇಷ್ಟಿಷ್ಟು ಎಂದು ಇಬ್ಬರೂ ಇಳಿದರು. ಇಬ್ಬರೂ ಹೊರಗೆ ಬಂದು ನಾವೇ ಗೆದ್ದೆವು ಎಂದರು. ಅದು ಒಳ್ಳೆಯ ವ್ಯಾಪಾರದ ಲಕ್ಷಣ. ಒಬ್ಬನೇ ಗೆದ್ದೆ ಎಂದರೆ ಮುಂದಿನ ಸಂತೆಗೆ ಇನ್ನೊಬ್ಬ ಬರುವುದಿಲ್ಲ.

ಮಗಳು ಆ ದಿನ ಬಹಳ ಖುಷಿಯಾಗಿದ್ದಳು. "ನೋಡು, ಕಡೀ ಗಳಿಗಿಗೆ ಎಲ್ಲಾರೂ ಒಪ್ಪತಾರ. ನಮ್ಮದೂ ಹಂಗ ಆಗ್ತೈತಿ," ಎಂದಳು. ಅವಳು ಕಾಯುವವರೇ ಗೆಲ್ಲುತ್ತಾರೆ ಎಂದು ಕಲಿತಳು. ನನಗೆ ಬೇರೆ ಕಂಡಿತ್ತು. ಅಲ್ಲಿ ಒಬ್ಬರಿಗೊಬ್ಬರು ಬೇಕಾಗಿದ್ದರು. ಇಲ್ಲಿ ನನ್ನ ಮಗಳ ಸಹಿ ಬೇಕಾಗಿದ್ದದ್ದು ನನ್ನ ಮಗಳಿಗೆ ಮಾತ್ರ. ಹಬ್ಬದ ದಿನ ಯಾಕೆ ಎಂದು ಅಡುಗೆಗೆ ಎದ್ದೆ.

ವಿಮಾನ ಮತ್ತೆ ಬಿಟ್ಟ ಮೇಲೆ ಊರಿಗೆ ಹೋದೆ. 2022ರಲ್ಲಿ ಮತ್ತೆ ಬಂದೆ. ಮನೆ ಅದೇ, ಮೇಜು ಅದೇ, ಮುದ್ರೆಯೂ ಯಜಮಾನರದೇ. ಅವರು ಕೋಲು ಹಿಡಿದು ಆಫೀಸಿಗೆ ಬರುತ್ತಿದ್ದರಂತೆ. ವಾಷಿಂಗ್ಟನ್ನಿನ ಸರಕಾರ ಬ್ರಿಟನ್ನಿನವರ ಜೊತೆ ದೊಡ್ಡ ಒಪ್ಪಂದಕ್ಕೆ ಈಗ ಕೂರುವುದಿಲ್ಲ ಎಂದುಬಿಟ್ಟಿತ್ತಂತೆ. ಬ್ರಿಟನ್ನಿನವರು ಸುಮ್ಮನೆ ಕೂರಲಿಲ್ಲ. ತಲೆಬಾಗಿಲು ತೆಗೆಯದಿದ್ದರೆ ಹಿತ್ತಲಿಂದ ಹೋಗೋಣ ಎಂದು ಒಂದೊಂದೇ ರಾಜ್ಯದ ಬಾಗಿಲು ತಟ್ಟತೊಡಗಿದರು. ನಮ್ಮ ಕೆರೊಲಿನಾ ಅವರಿಗೆ ಬೇಗ ಬಾಗಿಲು ತೆಗೆದ ರಾಜ್ಯಗಳಲ್ಲಿ ಒಂದು. ಇಬ್ಬರೂ ಒಂದು ಕಾಗದಕ್ಕೆ ಸಹಿ ಮಾಡಿದ್ದರು. ಮಗಳು ಮೈಸೂರುಪಾಕು ಮಾಡಿ ಹಂಚಿದಳು.

"ಕಾಗದದಾಗ ಏನೈತಿ?" ಎಂದೆ.

"ವೃತ್ತಿಯವರ ಲೈಸೆನ್ಸ್ ಬಗ್ಗೆ ಮಾತಾಡೂಣು ಅಂತೈತಿ."

"ಮಾತಾಡೂಣು ಅಂತ ಮಾತಾಡಿದ್ರೇನು?"

ಅವಳಿಗೆ ಸಿಟ್ಟು ಬಂತು. ನಿನಗೆ ಎಲ್ಲವೂ ಸಂತೆ ಎಂದಳು. ಹೌದು, ನನಗೆ ಎಲ್ಲವೂ ಸಂತೆಯೇ. ಆ ಕಾಗದ ಎತ್ತು ನೋಡಲು ಬನ್ನಿ ಎಂದು ಕರೆದ ಹಾಗಿತ್ತು. ಇನ್ನೂ ಹಲ್ಲು ನೋಡಿರಲಿಲ್ಲ, ಸುಳಿ ನೋಡಿರಲಿಲ್ಲ.

ಆದರೆ ಅವಳು ಸುಮ್ಮನೆ ಕಾಯುತ್ತಿದ್ದವಳಲ್ಲ, ಅದನ್ನೂ ಹೇಳಬೇಕು. ತನ್ನಂತೆ ಇಂಗ್ಲೆಂಡಿನ ಲೈಸೆನ್ಸು ಹಿಡಿದು ಇಲ್ಲಿ ಡ್ರಾಯಿಂಗ್ ಬರೆಯುವವರನ್ನು ಹುಡುಕಿ ಹುಡುಕಿ ಸೇರಿಸಿದ್ದಳು. ಬ್ರಿಟನ್ನಿನ ಅಧಿಕಾರಿಗಳು ಕರೆದ ಆನ್‌ಲೈನ್ ಮೀಟಿಂಗುಗಳಲ್ಲಿ ಕೂತು ಎಲ್ಲರ ಪರವಾಗಿ ಮಾತಾಡುತ್ತಿದ್ದಳು. ಅವಳ ಧ್ವನಿ ಬಾಗಿಲಾಚೆ ನನಗೆ ಕೇಳುತ್ತಿತ್ತು. ಇಂಗ್ಲಿಷು ನನಗೆ ತಿಳಿಯುವುದಿಲ್ಲ. ಆದರೆ ಕೇಳಿಕೊಳ್ಳುವ ಧ್ವನಿ ಯಾವುದು, ಜಗ್ಗಿ ಕೇಳುವ ಧ್ವನಿ ಯಾವುದು ಎಂದು ತಿಳಿಯುತ್ತದೆ. ಅವಳದು ಜಗ್ಗುವ ಧ್ವನಿ. ಅದರಿಂದಲೇ ಒಬ್ಬ ಅಧಿಕಾರಿಗೆ ಅವಳ ಪರಿಚಯವಾಯಿತು. ಬ್ರಿಟನ್ನಿನ ಕಡೆಯವನು, ಅಟ್ಲಾಂಟಾದಲ್ಲಿ ಕೂತು ಈ ಕಡೆಯ ರಾಜ್ಯಗಳ ವ್ಯಾಪಾರದ ಮಾತು ನೋಡಿಕೊಳ್ಳುತ್ತಿದ್ದ. ಷಾರ್ಲಟ್ಟಿಗೆ ಕೆಲಸಕ್ಕೆ ಬಂದವನನ್ನು ಮಗಳು ಊಟಕ್ಕೆ ಕರೆದಳು.

ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಕಾರು ಓಡಿಸಿ ಓಡಿಸಿ ಬೆನ್ನು ಬಾಗಿತ್ತು. ಜೋಳದ ರೊಟ್ಟಿಯನ್ನು ಮೊದಲು ಚಾಕುವಿನಿಂದ ಕತ್ತರಿಸಲು ನೋಡಿದ. ಅದು ಮುರಿದು ಹಾರಿ ಅಳಿಯನ ತೊಡೆಯ ಮೇಲೆ ಬಿತ್ತು. ಆಮೇಲೆ ಕೈಯಲ್ಲೇ ತಿಂದ. ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡ. ಅವನು ಹೇಳಿದ್ದನ್ನು ಮಗಳು ನನಗೆ ಹೇಳುತ್ತಿದ್ದಳು, ನಾನು ಅಂದಿದ್ದನ್ನು ಅವನಿಗೆ.

ನನ್ನ ಕೆಲಸ ಹೋಗಿ ಹೋಗಿ ಕದ ತಟ್ಟುವುದು ಎಂದ. ಎದುರಿನವರ ಜೊತೆ ಮಾತಾಡುವುದು ಕಷ್ಟವಲ್ಲವಂತೆ. ಅವರೂ ಸಂಬಳಕ್ಕೆ ಬಂದವರು, ಅವರಿಗೂ ಮನೆಗೆ ಹೋಗುವ ಅವಸರ. ಕಷ್ಟ ಹಿಂದೆ ಕೂತವರದಂತೆ. ಲಂಡನ್ನಿನಿಂದ ಒಬ್ಬರು ಬಿಡಬೇಡ ಎನ್ನುತ್ತಾರೆ, ಇನ್ನೊಬ್ಬರು ಬೇಗ ಮುಗಿಸು ಎನ್ನುತ್ತಾರೆ. ಇವನು ಒಂದು ಅಂಗುಲ ಇಳಿದರೆ ಮರುದಿನ ಪೇಪರಿನಲ್ಲಿ ದೇಶವನ್ನೇ ಮಾರಿದ ಎಂದು ಬರುತ್ತದೆ. ಎದುರಿನವನು ಇಳಿಯಲು ತಯಾರಿದ್ದಾನೆ, ನಾನೂ ತಯಾರಿದ್ದೇನೆ, ಆದರೆ ಎಲ್ಲರೂ ನೋಡುತ್ತಿರುವಾಗ ಮೊದಲು ಇಳಿಯುವವರು ಯಾರು ಎಂದ. ನನಗೆ ಆ ಮನುಷ್ಯನ ಮೇಲೆ ಮರುಕ ಬಂತು.

"ನಿಮ್ಮಲ್ಲಿ ವಲ್ಲಿ ಇಲ್ಲೇನು ಅಂತ ಕೇಳು," ಎಂದೆ ಮಗಳಿಗೆ.

ಆಮೇಲೆ ನಾನು ಸಂತೆಯ ಪದ್ಧತಿ ಹೇಳಿದೆ. ನಮ್ಮಲ್ಲಿ ಎತ್ತಿನ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಸುತ್ತ ಜನ ನಿಂತಿರುತ್ತಾರೆ. ದಲ್ಲಾಳಿ ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲನ್ನು, ಕೈಮೇಲೆ ಹಾಕುತ್ತಾನೆ. ಅದರ ಕೆಳಗೆ ಕೊಳ್ಳುವವನ ಬೆರಳು ಹಿಡಿಯುತ್ತಾನೆ, ಆಮೇಲೆ ಮಾರುವವನ ಬೆರಳು ಹಿಡಿಯುತ್ತಾನೆ. ಇಷ್ಟು ಬೆರಳು ಹಿಡಿದರೆ ಇಷ್ಟು, ಅರ್ಧ ಬೆರಳು ಹಿಡಿದರೆ ಇಷ್ಟು. ಯಾರು ಎಷ್ಟು ಇಳಿದರು ಎಂದು ಟವೆಲಿಗೆ ಮಾತ್ರ ಗೊತ್ತು. ಮೇಲೆ ಮುಖ ಕಲ್ಲಿನ ಹಾಗೆ ಇಟ್ಟುಕೊಳ್ಳಬಹುದು. ಮಾರುವ ಮನಸ್ಸೇ ಇಲ್ಲದಿದ್ದರೆ ಎದುರಿನವನ ಐದೂ ಬೆರಳನ್ನು ಮಡಚಿ ಮುಷ್ಟಿ ಮಾಡಿ ಬಿಡುತ್ತಾರೆ. ಈ ಸಲ ಇದು ಆಗುವುದಿಲ್ಲ ಎಂದು ಅದರ ಅರ್ಥ. ಅದರಲ್ಲಿ ಅವಮಾನವಿಲ್ಲ.

ನಾನು ಹೆಂಗಸು ದಲ್ಲಾಳಿಯಾದಾಗ ಗಂಡಸರು ನನ್ನ ಕೈ ಹಿಡಿಯಲು ನಾಚುತ್ತಿದ್ದರು. ಬೆವರುತ್ತಿದ್ದರು. ಬೇಗ ಕೈ ಬಿಡಿಸಿಕೊಂಡರೆ ಸಾಕು ಎಂದು ಬೇಗ ಒಪ್ಪಿಬಿಡುತ್ತಿದ್ದರು. ನಾನೂ ಬೇಕೆಂದೇ ಗಟ್ಟಿಯಾಗಿ ಹಿಡಿಯುತ್ತಿದ್ದೆ. ಮಗಳು ಇದನ್ನು ಹೇಳಲೋ ಬೇಡವೋ ಎಂದು ನೋಡಿದಳು. ಕೊನೆಗೆ ಹೇಳಿದಳು. ಅವನು ಕೆಂಪಗಾಗಿ ನಕ್ಕ. ನನಗೂ ಕಲಿಸಿ ಎಂದ.

ಅಡುಗೆಮನೆಯ ಚೌಕುಳಿ ಟವೆಲ್ ತಂದೆ. ಅವನ ಕೈಮೇಲೆ ಹಾಕಿ ಬೆರಳು ಹಿಡಿದು ಕಲಿಸಿದೆ. ಅಳಿಯ ಕೊಳ್ಳುವವನಾದ, ಬ್ರಿಟನ್ನಿನವನು ಮಾರುವವನಾದ, ಎಣ್ಣೆಗಾಯಿಯ ಪಾತ್ರೆಯೇ ಎತ್ತಾಯಿತು. ಅವನು ಚುರುಕು. ಮುಖದಲ್ಲಿ ಒಂದು ಗೆರೆ ಅಲುಗದೆ ಬೆರಳಿನಲ್ಲಿ ಜಗ್ಗುತ್ತಿದ್ದ. ಅಷ್ಟರಲ್ಲಿ ಮಗಳಿಗೆ ಯಜಮಾನರ ಫೋನ್ ಬಂತು. ಯಾವುದೋ ನಕ್ಷೆ ಬೆಳಿಗ್ಗೆಗೆ ಬೇಕಾಗಿತ್ತಂತೆ. ಅವಳು ಮಹಡಿ ಹತ್ತಿ ಹೋದಳು.

ನನ್ನ ತಲೆಯೊಳಗೆ ಒಂದು ಮಾತು ಬಹಳ ದಿನದಿಂದ ಕೊರೆಯುತ್ತಿತ್ತು. ಅವಳ ಮೊದಲ ಪದವಿ ದಾವಣಗೆರೆಯದು. ಇಂಗ್ಲೆಂಡಿನಲ್ಲೇ ಹುಟ್ಟಿ ಇಂಗ್ಲೆಂಡಿನಲ್ಲೇ ಓದಿದವರನ್ನು ಅಮೆರಿಕದವರು ಒಪ್ಪಬಹುದು. ನಮ್ಮ ಕಡೆ ಓದಿ ಅಲ್ಲಿ ಸೇರಿಕೊಂಡವರನ್ನು ಒಪ್ಪುತ್ತಾರೆಯೇ? ಜಗ್ಗಾಟದಲ್ಲಿ ಏನಾದರೂ ಬಿಟ್ಟುಕೊಡಬೇಕಾಗಿ ಬಂದರೆ ಮೊದಲು ಬಿಡುವುದು ಅಂಚಿನಲ್ಲಿರುವವರನ್ನೇ. ಅಳಿಯನಿಗೆ ಹೇಳಿದೆ, ಅವನನ್ನು ಕೇಳು, ಇಂಡಿಯಾದಲ್ಲಿ ಮೊದಲು ಓದಿದವರು ಒಪ್ಪಂದದ ಒಳಗೆ ಬರುತ್ತಾರೋ ಇಲ್ಲವೋ ಎಂದು.

ಅಳಿಯನ ಮುಖ ಬಿಳುಚಿತು. "ಅತ್ತೆ, ಅದು ಕಾನ್ಫಿಡೆನ್ಷಿಯಲ್. ಟಾಕ್ಸ್ ನಡೀತಿರೋವಾಗ ಅವರು ಬಾಯಿ ಬಿಡೋ ಹಾಗಿಲ್ಲ. ಕೇಳಿದ್ರೆ ಅವರಿಗೂ ಕಷ್ಟ, ನಮಗೂ ಎಂಬರಾಸಿಂಗ್."

"ಬಾಯಿ ಬಿಡಬ್ಯಾಡ ಅಂತ ಹೇಳು. ಕೈ ಅಷ್ಟ ಸಾಕು."

ಅಳಿಯ ಎರಡು ಸಲ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ. ಬ್ರಿಟನ್ನಿನವನು ನನ್ನ ಮುಖ ನೋಡಿದ. ನಾನು ಟವೆಲ್ ಸರಿಮಾಡಿ ಕೈ ಚಾಚಿ ಕೂತೆ. ಮಹಡಿಯ ಮೇಲೆ ಮಗಳು ಫೋನಿನಲ್ಲಿ ನಗುತ್ತಿದ್ದದ್ದು ಕೇಳುತ್ತಿತ್ತು. ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡ. ಆಮೇಲೆ ಟವೆಲಿನ ಕೆಳಗೆ ನನ್ನ ಐದು ಬೆರಳನ್ನೂ ಮೆತ್ತಗೆ ಮಡಚಿ, ಮುಷ್ಟಿ ಮಾಡಿ, ಮೇಲಿಂದ ಒಮ್ಮೆ ಒತ್ತಿ ಬಿಟ್ಟ. ಬಾಯಲ್ಲಿ, ಈ ರೊಟ್ಟಿಯ ಹಿಟ್ಟು ಅಟ್ಲಾಂಟಾದಲ್ಲಿ ಸಿಗುತ್ತದೆಯೇ ಎಂದು ಅಳಿಯನನ್ನು ಕೇಳಿದ.

ಮಗಳು ಇಳಿದು ಬರುವಷ್ಟರಲ್ಲಿ ಟವೆಲ್ ಒಲೆಯ ಹತ್ತಿರ ಒಣಗುತ್ತಿತ್ತು.

ಆ ಮನುಷ್ಯ ನನಗೆ ಅದನ್ನು ಹೇಳಬೇಕಾಗಿರಲಿಲ್ಲ. ಗೊತ್ತಿಲ್ಲ ಎಂದು ಕೈ ಹಿಂದೆ ತೆಗೆದುಕೊಂಡಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಅಥವಾ ಐದೂ ಬೆರಳು ತೆರೆದು, ಆಗುತ್ತದೆ ಎಂದು ಸುಳ್ಳು ಹೇಳಿ ಊಟ ಮುಗಿಸಿ ಹೋಗಬಹುದಿತ್ತು. ನಾನು ಅಂಥವರನ್ನೂ ನೋಡಿದ್ದೇನೆ.

ಮರುದಿನ ಬೆಳಿಗ್ಗೆ ಮಗಳಿಗೆ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನೀನು ಅದರೊಳಗೆ ಇಲ್ಲ, ಕಾಯಬೇಡ, ಪರೀಕ್ಷೆ ಬರೆ ಎಂದೆ. ಅವಳು ಕಾಫಿ ಲೋಟ ಕೆಳಗಿಟ್ಟಳು. ಮೊದಲು ಸಿಟ್ಟಾಗಿದ್ದು ಒಪ್ಪಂದಕ್ಕಲ್ಲ, ನನಗೆ. ಊಟಕ್ಕೆ ಬಂದವನನ್ನು ಕೂರಿಸಿ ಗುಟ್ಟು ಕೀಳುತ್ತೀಯಾ, ಅವನ ಕೆಲಸಕ್ಕೆ ಕುತ್ತು ಬಂದರೆ ಏನು ಮಾಡುತ್ತೀ ಎಂದಳು. ಅದು ನಿಜ. ಆಮೇಲೆ, ಬೆರಳು ಮಡಚಿದ್ದು ಉತ್ತರವೇ ಅಲ್ಲ, ಅವನಿಗೆ ಆಟ ಸರಿಯಾಗಿ ಬಂದಿರಲಿಕ್ಕಿಲ್ಲ ಎಂದಳು. ಅವನಿಗೆ ಆಟ ಚೆನ್ನಾಗಿ ಬಂದಿತ್ತು ಎಂದು ಅವಳೇ ನೋಡಿದ್ದಳು. ಅಳಿಯನ ಕಡೆ ತಿರುಗಿ, ನೀನೂ ಸೇರಿದೆಯಲ್ಲ ಎಂದಳು. ಅಳಿಯ ಆಫೀಸಿಗೆ ಲೇಟಾಯಿತು ಎಂದು ಎದ್ದ. ಅವನ ಆಫೀಸು ಅದೇ ಮೇಜಿನ ಇನ್ನೊಂದು ತುದಿ.

ಅದಾದ ಮೇಲೆ ಮನೆಯಲ್ಲಿ ಬಿಗುವಿನ ಗಾಳಿ. ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡುವಳು. ಒಂದು ವಾರಾಂತ್ಯ ನಾನು ಹಪ್ಪಳ ಕರಿಯುತ್ತಾ ಬಾಣಲೆಯ ಹೊರಗೆ ಬಿಟ್ಟೆ. ನನ್ನ ಎರಡೂ ಕಣ್ಣಲ್ಲಿ ಪೊರೆ ಬೆಳೆದಿತ್ತು. ಆಪರೇಷನ್ ಮಾಡಿಸಿಕೋ ಎಂದು ಅವಳು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದ್ದಳು. ನಾನು ಇವತ್ತು ನಾಳೆ ಎನ್ನುತ್ತಿದ್ದೆ. ಕಣ್ಣಿಗೆ ಕತ್ತರಿ ಹಾಕಿಸುವುದು ನನಗೆ ಆಗದ ಮಾತು. ಅವಳು ಒಲೆ ಆರಿಸಿ, ಹಪ್ಪಳ ಎತ್ತಿ ಹಾಕಿ, ಗೋಡೆಗೆ ಒರಗಿ ನಿಂತಳು.

"ನೀ ಊರಿಗೆ ಹೋಗಿ ಕಣ್ಣು ಮಾಡಿಸ್ಕೋ. ನಾ ಒಂದು ಪರೀಕ್ಷಾ ಬರೀತೀನಿ. ಒಂದ."

"ಎರಡು ಕಣ್ಣು ಅದಾವು," ಎಂದೆ.

"ಹಂಗಾದ್ರ ಎರಡು ಪರೀಕ್ಷಾ."

"ಪೂರಾ ಬರಿ."

"ಪೂರಾ ಬರಿಯಾಕ ನಿನಗ ಇನ್ನೂ ನಾಕು ಕಣ್ಣು ಬೇಕು."

ಇಬ್ಬರೂ ನಕ್ಕೆವು. ಬಹಳ ದಿನವಾಗಿತ್ತು ಅವಳು ನಕ್ಕು. ಎರಡಕ್ಕೆ ನಿಂತಿತು. ಜೊತೆಗೆ ಇನ್ನೊಂದು ಕರಾರು ಹಾಕಿದಳು, ಅಷ್ಟರೊಳಗೆ ಒಪ್ಪಂದ ಬಂದರೆ ಪರೀಕ್ಷೆ ಬಿಡುತ್ತೇನೆ, ನೀನು ಮಾತಾಡುವ ಹಾಗಿಲ್ಲ ಎಂದು. ನಾನೂ ಒಂದು ಹಾಕಿದೆ, ಒಪ್ಪಂದದಲ್ಲಿ ನೀನಿಲ್ಲ ಎಂದಾದರೆ ಪೂರಾ ಬರೆಯಬೇಕು ಎಂದು. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಷ್ಟು ಸಾಕಾಗಿತ್ತು. ಎಲ್ಲವನ್ನೂ ಒಂದೇ ಸಲ ಬಾಯಿಬಿಟ್ಟು ಒಪ್ಪಿಸಲು ಹೋದರೆ ಇದ್ದ ಒಪ್ಪಿಗೆಯೂ ಹೋಗುತ್ತದೆ.

ಊರಿಗೆ ಬಂದು ಹುಬ್ಬಳ್ಳಿಯಲ್ಲಿ ಕಣ್ಣು ಮಾಡಿಸಿದೆ. ಒಂದಾದ ಮೇಲೆ ಒಂದು. ಹೆದರಿದಷ್ಟು ಏನೂ ಇರಲಿಲ್ಲ. ಅಲ್ಲಿ ಅವಳು ಮೊದಲನೆಯ ಪರೀಕ್ಷೆಯಲ್ಲಿ ನಪಾಸಾದಳು. ಇಂಗ್ಲೆಂಡಿನಲ್ಲಿ ಮೀಟರು, ಇಲ್ಲಿ ಅಡಿ ಅಂಗುಲ. ಅಲ್ಲಿ ಇಟ್ಟಿಗೆ, ಇಲ್ಲಿ ಕಟ್ಟಿಗೆ. ಕೈ ಹಳೆಯ ಲೆಕ್ಕಕ್ಕೇ ಹೋಗುತ್ತದೆ ಯವ್ವಾ ಎಂದು ಫೋನಿನಲ್ಲಿ ಹೇಳಿದಳು. ನನ್ನ ಕಣ್ಣಿನ ಲೆಕ್ಕ ಮುಗಿಯಿತು, ನಿನ್ನದು ಬಾಕಿ ಎಂದೆ. ಅವಳು ಮತ್ತೆ ಬರೆದಳು, ಪಾಸಾದಳು. ಎರಡನೆಯದೂ ಆಯಿತು.

ಅದರ ಮುಂದಿನ ವರ್ಷ ಆರ್ಕಿಟೆಕ್ಟರ ಲೈಸೆನ್ಸಿನ ಒಪ್ಪಂದ ಬಂತು. ಅವಳ ಗುಂಪಿನವರು ಒಬ್ಬರಿಗೊಬ್ಬರು ಮೆಸೇಜು ಹಾಕಿಕೊಂಡು ಕುಣಿದರಂತೆ. ಇವಳು ಕೂತು ಇಡೀ ಕಾಗದ ಓದಿದಳು. ಇಂಗ್ಲೆಂಡಿನಲ್ಲಿ ಶುರುವಿನಿಂದ ಓದಿದವರಿಗೆ ದಾರಿ ತೆರೆದಿತ್ತು. ಬೇರೆ ದೇಶದಲ್ಲಿ ಮೊದಲು ಓದಿದವರ ವಿಷಯವನ್ನು ಮುಂದಿನ ಮಾತುಕತೆಗೆ ಇಟ್ಟಿದ್ದಾರೆ ಎಂದು ತಿಳಿಯಿತು. ಪಕ್ಕಕ್ಕಿಟ್ಟಿದ್ದಾರೆ, ಅಷ್ಟೇ. ವ್ಯಾಪಾರದಲ್ಲಿ ಕೂಡದ ಮಾತನ್ನು ಪಕ್ಕಕ್ಕಿಟ್ಟು ಕೂಡುವ ಮಾತನ್ನು ಮುಗಿಸುವುದು ಹಳೆಯ ಉಪಾಯ. ಪಕ್ಕಕ್ಕಿಟ್ಟಿದ್ದರಲ್ಲಿ ಮನುಷ್ಯರು ಇರುತ್ತಾರೆ ಎನ್ನುವುದು ಬೇರೆ.

"ನಾ ಕೂಡಿಸಿದ ಮಂದಿ ಎಲ್ಲಾ ಒಳಗ. ನಾ ಹೊರಗ," ಎಂದಳು ಫೋನಿನಲ್ಲಿ. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಅಧಿಕಾರಿ ಅದೇ ದಿನ ಅವಳಿಗೆ ಫೋನ್ ಮಾಡಿದ್ದನಂತೆ. ನಿಮ್ಮವರನ್ನೂ ಸೇರಿಸಬೇಕೆಂದು ಜಗ್ಗಿದೆವು, ಅದಕ್ಕೇ ಹಿಡಿದು ಕೂತಿದ್ದರೆ ಇಡೀ ಒಪ್ಪಂದವೇ ಮುರಿಯುತ್ತಿತ್ತು ಎಂದು ಹೇಳಿದನಂತೆ. ಅವಳು ಥ್ಯಾಂಕ್ಸ್ ಎಂದು ಫೋನ್ ಇಟ್ಟುಬಿಟ್ಟಳಂತೆ. ನಾನು ಅವನ ಪರವಾಗಿ ಮಾತಾಡಿದೆ. ಬಹಳ ಜನರ ಗಾಡಿ ಕೆಸರಿನಿಂದ ಎತ್ತಬೇಕಾದರೆ ಸ್ವಲ್ಪ ಹೊರೆ ಇಳಿಸುತ್ತಾರೆ. ಇಳಿಸಿದ್ದು ನಿನ್ನನ್ನು, ಅದು ನೋಯುತ್ತದೆ. ಆದರೆ ಇಳಿಸುವ ಮೊದಲು ಕೈ ಒತ್ತಿ ಹೇಳಿದ ಒಬ್ಬನಿದ್ದ, ಅದರಿಂದ ನಿನಗೆ ಒಂದು ವರ್ಷ ಉಳಿಯಿತು ಎಂದೆ. ಮರುದಿನ ಅವನಿಗೆ ತಾನೇ ಫೋನ್ ಮಾಡಿದಳು. ಏನು ಮಾತಾಡಿದಳೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನಿಗೆ ಬೇರೆ ದೇಶಕ್ಕೆ ವರ್ಗವಾಯಿತಂತೆ. ಅಲ್ಲಿಯೂ ಕದ ತಟ್ಟುತ್ತಿರಬೇಕು.

ಉಳಿದ ಪರೀಕ್ಷೆಗಳನ್ನು ಅವಳು ಬರೆದಳು. ಯಾರೂ ಬರೆ ಎನ್ನಲಿಲ್ಲ. ಅಳಿಯ ಅಡುಗೆ ಕಲಿತ, ಅದನ್ನು ಅಡುಗೆ ಎನ್ನಬಹುದಾದರೆ. ಕೊನೆಯದು ಪಾಸಾದಾಗ ನಾನು ಮತ್ತೆ ಅಲ್ಲಿಗೆ ಹೋಗಿದ್ದೆ. ರಾಜ್ಯದ ಲೈಸೆನ್ಸು ಬಂತು. ತನ್ನ ಹೆಸರಿನ ಮುದ್ರೆಯನ್ನು ಕಂಪ್ಯೂಟರಿನಲ್ಲಿ ಮಾಡಿಸಿಕೊಂಡಳು. ಯಜಮಾನರಿಗೆ ತೋರಿಸಲು ಹೋದಳು. ಅವರು ಅವಳ ಕೈ ಕುಲುಕಿ, ಕಣ್ಣು ಒರೆಸಿಕೊಂಡು, ನಾನು ಇನ್ನೊಂದೆರಡು ವರ್ಷ ಕೂರುತ್ತೇನೆ ಎಂದರಂತೆ.

ನನಗೆ ನಗು ಬಂತು. ಅವರು ಅಷ್ಟು ವರ್ಷ ಸಾಕಾಯಿತು, ಸಾಕಾಯಿತು ಎಂದು ಹೇಳಿದ್ದು ಇವಳಿಗೆ ಲೈಸೆನ್ಸು ಇಲ್ಲ ಎಂಬ ಧೈರ್ಯದ ಮೇಲೆ ಇದ್ದರೂ ಇರಬಹುದು. ಮುದುಕರಿಗೆ ಕುರ್ಚಿ ಬಿಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅಳಿಯ ಮಾತ್ರ ಕುದಿದ. ಬೇರೆ ಆಫೀಸಿಗೆ ಹೋಗುತ್ತೇನೆ ಎಂದು ಹೇಳು, ನೋಡು ಹೇಗೆ ಇಳಿಯುತ್ತಾರೆ ಎಂದ. ಮಗಳು ಬೇಡ ಎಂದಳು. ಹೋಗುವ ಮನಸ್ಸಿಲ್ಲದೆ ಹೋಗುತ್ತೇನೆ ಎನ್ನುವುದು ತನಗೆ ಆಗುವುದಿಲ್ಲ ಎಂದಳು. ಅವರ ಜೊತೆ ಒಂದು ಮಧ್ಯಾಹ್ನ ಕೂತು ಮಾತಾಡಿ ಬಂದಳು. ಅವಳು ಬರೆದ ನಕ್ಷೆಗೆ ಅವಳದೇ ಸಹಿ. ಗಿರಾಕಿಗಳ ಜೊತೆ ಅವಳದೇ ಮಾತು. ಬಾಗಿಲ ಮೇಲಿನ ಹಲಗೆಯಲ್ಲಿ ಅವರು ಇರುವ ತನಕ ಅವರ ಹೆಸರು ಮೇಲೆ, ಅವಳದು ಕೆಳಗೆ. ಇಷ್ಟಕ್ಕೆ ಒಪ್ಪಿಕೊಂಡು ಬಂದಿದ್ದಳು.

ಅವಳ ಸಹಿ ಬಿದ್ದ ಮೊದಲ ಕಟ್ಟಡ ಹಲ್ಲಿನ ಡಾಕ್ಟರದು, ಊರಾಚೆ, ಹೆದ್ದಾರಿ ಪಕ್ಕ. ನನ್ನನ್ನು ಕರೆದುಕೊಂಡು ಹೋದಳು. ಕಟ್ಟಡ ಎಲ್ಲಿದೆ? ಕೆಂಪು ಮಣ್ಣು ಅಗೆದು ಗುಂಡಿ ಮಾಡಿದ್ದರು, ಅದರಲ್ಲಿ ನೀರು ನಿಂತಿತ್ತು. ತಲೆಗೆ ಹಳದಿ ಟೋಪಿ ಹಾಕಿಕೊಂಡ ಒಬ್ಬ ಬಂದು ಅವಳ ಮುಂದೆ ನಕ್ಷೆ ಹಿಡಿದು ಏನೋ ಕೇಳಿದ. ಇಳಿಜಾರು ದಾರಿ ಈ ಕಡೆಯೋ ಆ ಕಡೆಯೋ ಎಂದು ಕೇಳಿದ್ದಂತೆ. ಅವಳು ಫೋನ್ ಮಾಡಿ ಯಾರನ್ನೂ ಕೇಳಲಿಲ್ಲ. ಈ ಕಡೆ ಎಂದು ಕೈ ತೋರಿಸಿದಳು. ಅವನು ತಲೆಯಾಡಿಸಿ ಹೋದ.

ಕಾರಿನಲ್ಲಿ ಬರುವಾಗ, ಹಲಗೆಯಲ್ಲಿ ಎರಡೂ ಹೆಸರು ಒಂದೇ ಸಾಲಿನಲ್ಲಿ ಇರಲಿ ಎಂದು ಕೇಳಬೇಕಿತ್ತು, ಅವರು ಕೊಡುತ್ತಿದ್ದರು ಎಂದೆ.

"ಕೊಡ್ತಿದ್ರು," ಎಂದಳು. "ನಾನ ಕೇಳಲಿಲ್ಲ."

ನಾನಾಗಿದ್ದರೆ ಕೇಳುತ್ತಿದ್ದೆ.